ರಸ್ತೆಯ ಕೆಳಗಿನ ಹಳ್ಳ

ಎಂಜಿನಿಯರಿಂಗ್ ಮುಗಿಸಿ ನಾನು ಸರ್ಕಾರಿ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮೊದಲ ಪೋಸ್ಟಿಂಗ್ ಮೂಡಿಗೆರೆ. ಚಿಕ್ಕಮಗಳೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪನಿಗೆ, ಮಗಳಿಗೆ ಒಂದೇ ಬಸ್ಸಿನ ದೂರದ ಊರು ಸಿಕ್ಕಿತಲ್ಲ ಎಂಬ ಸಮಾಧಾನ. ಅಮ್ಮನಿಗೆ ಮಾತ್ರ, ಹೆಣ್ಣುಮಗಳು ರಸ್ತೆ ಬದಿಯಲ್ಲಿ ನಿಂತು ಗಂಡಸರಿಗೆ ಕೆಲಸ ಹೇಳುವುದು ಹೇಗೆ ಎಂಬ ಚಿಂತೆ. ನನಗೆ ಅಂಥ ಚಿಂತೆ ಇರಲಿಲ್ಲ. ಕಳಸದ ಕಡೆಗೆ ಹೋಗುವ ಒಂದು ಘಟ್ಟದ ರಸ್ತೆಯನ್ನು ಅಗಲ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದು ಬೇಕಾದ ರಸ್ತೆಯೇ. ಎದುರಿಗೆ ಲಾರಿ ಬಂದರೆ ಬಸ್ಸು ಹಿಂದಿನ ತಿರುವಿನವರೆಗೂ ರಿವರ್ಸ್ ಹೋಗಬೇಕಿತ್ತು. ಹೆರಿಗೆ ನೋವು ಬಂದವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೊರಟರೆ ಪ್ರತಿ ತಿರುವಿನಲ್ಲೂ ಹಾರನ್ ಹೊಡೆಯುತ್ತ, ದೇವರ ಹೆಸರು ಹೇಳುತ್ತ ಹೋಗುತ್ತಿದ್ದರು. ಹೊರನಾಡಿಗೆ ಹೊರಟ ಯಾತ್ರಿಕರು ಕಿಟಕಿಯಿಂದ ಕೆಳಗೆ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಕೆಲಸದ ರೀತಿ ಸರಳವಾಗಿತ್ತು. ಗುಡ್ಡದ ಬದಿಯ ಧರೆಯನ್ನು, ಆ ಕಡಿದಾದ ಮಣ್ಣಿನ ಗೋಡೆಯನ್ನು, ಜೆಸಿಬಿ ಕಡಿಯುತ್ತ ಹೋಗುವುದು, ಕಡಿದ ಮಣ್ಣನ್ನು ಕಣಿವೆಯ ಬದಿಗೆ ನೂಕುವುದು. ಮಣ್ಣು ಅಂಚು ದಾಟಿದ ಕೂಡಲೇ ಕಣ್ಣಿಗೆ ಮರೆ. ನನ್ನ ಕೈಯಲ್ಲಿದ್ದ ನಕ್ಷೆಯಲ್ಲಿ ಗುಡ್ಡವಿತ್ತು, ಚರಂಡಿಯಿತ್ತು, ರಸ್ತೆಯಿತ್ತು. ರಸ್ತೆಯ ಅಂಚಿನಿಂದ ಕೆಳಕ್ಕೆ ಒಂದು ಚಿಕ್ಕ ಓರೆ ಗೆರೆ ಎಳೆದು ಬಿಟ್ಟಿದ್ದರು. ಆ ಗೆರೆ ಮುಗಿದ ಮೇಲೆ ಬರೀ ಬಿಳಿ ಕಾಗದ. ಅಲ್ಲೂ ನೆಲವಿದೆ, ಗಿಡಗಳಿವೆ, ಮನೆಗಳಿವೆ ಎನ್ನುವುದು ನಕ್ಷೆ ಬರೆದವರಿಗೆ ಬೇಕಿರಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಆ ಬಿಳಿ ಕಾಗದದ ಕಡೆಯಿಂದಲೇ ಹತ್ತಿ ಬಂದರು. ಐವತ್ತು ದಾಟಿದ ವಯಸ್ಸು, ಕಾಲಿಗೆ ಗಂಬೂಟು, ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಕೆಳಗಿನ ಕಾಫಿ ಎಸ್ಟೇಟು ಅವರದು. ಗಂಡ ತೀರಿಕೊಂಡ ಮೇಲೆ ಮೈದುನನ ಸಂಸಾರದ ಜೊತೆ ಇದ್ದುಕೊಂಡು ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದರು. ಲೆಕ್ಕಪತ್ರಕ್ಕೆ ರೈಟರ್ ಇದ್ದರೂ ದಿನಾ ಬೆಳಿಗ್ಗೆ ತೋಟ ಸುತ್ತುವುದು ಅವರೇ. ಇವೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಅವರು ಕಂಟ್ರಾಕ್ಟರ ಮುಂದೆ ನಿಂತು, "ಇಲ್ಲಿ ಎಂಜಿನಿಯರ್ ಯಾರು?" ಎಂದು ಕೇಳಿದರು. ಆತ ನನ್ನ ಕಡೆ ಕೈ ತೋರಿಸಿದ.

ಅವರು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವಾ? ಊಟ ಆಯ್ತಾ?"

"ಆಯ್ತಮ್ಮ."

"ಹಾಗಾದ್ರೆ ಬನ್ನಿ. ಹೊಟ್ಟೆ ತುಂಬಿದಾಗ್ಲೇ ನೋಡೋದು ಒಳ್ಳೇದು."

ಕಾಲುದಾರಿಯಲ್ಲಿ ಅವರ ಹಿಂದೆ ಇಳಿದೆ. ಮೇಲಿನಿಂದ ಕಾಣದ್ದೆಲ್ಲ ಕೆಳಗೆ ಕಂಡಿತು. ಕೆಮ್ಮಣ್ಣಿನ ದೊಡ್ಡ ರಾಶಿಯೊಂದು ಇಳಿಜಾರಿನಲ್ಲಿ ನಾಲಿಗೆ ಚಾಚಿದ ಹಾಗೆ ಬಿದ್ದಿತ್ತು. ಕಾಫಿ ಗಿಡಗಳು ಕುತ್ತಿಗೆವರೆಗೆ ಹೂತು, ತುದಿಯ ಎಲೆಗಳಷ್ಟೇ ಹೊರಗಿದ್ದವು. ಉರುಳಿದ ಕಲ್ಲುಗಳು ನೆರಳಿನ ಮರಗಳ ತೊಗಟೆಯನ್ನು ಸುಲಿದಿದ್ದವು. ರಾಶಿಯ ತುದಿ ಹಳ್ಳದ ಒಳಗೇ ಕಾಲಿಟ್ಟಿತ್ತು. ಅದರಿಂದ ಸ್ವಲ್ಪ ಕೆಳಗೆ ಕಲ್ಲು ಕಟ್ಟಿದ ಒಂದು ನೀರಿನ ತೊಟ್ಟಿ. ಹಳ್ಳದ ನೀರು ಅದಕ್ಕೆ ಬಂದು, ಅಲ್ಲಿಂದ ಪೈಪಿನಲ್ಲಿ ಕೂಲಿಯಾಳುಗಳ ಸಾಲುಮನೆಗಳಿದ್ದ ಲೈನಿಗೂ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಗೂ ಹೋಗುತ್ತಿತ್ತು. ಲೈನಿನ ಅಂಗಳದಲ್ಲಿ ಒಬ್ಬ ಹೆಂಗಸು ಹಳೇ ಸೀರೆ ತುಂಡನ್ನು ಕೊಡದ ಬಾಯಿಗೆ ಕಟ್ಟಿ ನೀರು ಸೋಸುತ್ತಿದ್ದಳು. ಬಟ್ಟೆಯ ಮೇಲೆ ಕೆಂಪು ಕೆಸರು ಕೂತಿತ್ತು.

"ಎಷ್ಟು ಸೋಸಿದ್ರೂ ಅನ್ನ ಕೆಂಪಗೇ ಆಗ್ತದೆ," ಎಂದಳು ಆಕೆ. ದೂರುವ ಧ್ವನಿ ಇರಲಿಲ್ಲ.

ನಾನು ಬಗ್ಗಿ ಆ ಕೆಸರನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಎಸ್ಟೇಟಿನ ಅಮ್ಮ ಹೇಳಿದರು. "ರಸ್ತೆ ಬೇಡ ಅಂತ ನಾನು ಹೇಳೋದಿಲ್ಲ. ನಮ್ಮ ಮನೆಯವ್ರು ಇದೇ ರಸ್ತೇಲಿ ಜೀಪಲ್ಲೇ ಹೋದ್ರು, ಆಸ್ಪತ್ರೆ ಮುಟ್ಲಿಲ್ಲ. ನಿಮಗಿಂತ ನನಗೇ ಹೆಚ್ಚು ಬೇಕು ರಸ್ತೆ. ಆದ್ರೆ ಅದಕ್ಕೆ ಹಳ್ಳ ಯಾಕೆ ಸಾಯ್ಬೇಕು?"

ಅಂದು ಸಂಜೆ ಮೂಡಿಗೆರೆಯ ಆಫೀಸಿಗೆ ಹೋಗಿ ನನ್ನ ಮೇಲಧಿಕಾರಿಗೆ ಎಲ್ಲ ಹೇಳಿದೆ. ಅವರು ನಿವೃತ್ತಿಯ ಅಂಚಿನಲ್ಲಿದ್ದವರು, ಬಯಲುಸೀಮೆಯವರು. ಕನ್ನಡಕ ತೆಗೆದು ಒರೆಸಿಕೊಂಡು, "ನೋಡಮ್ಮ, ಎಸ್ಟಿಮೇಟಿನಲ್ಲಿ ಮಣ್ಣು ಕಡಿಯೋಕೆ ಐಟಂ ಇದೆ. ಅದನ್ನ ಒಯ್ದು ಬೇರೆ ಕಡೆ ಹಾಕೋಕೆ ಐಟಂ ಇಲ್ಲ," ಎಂದರು.

"ಮತ್ತೆ ಆ ಮಣ್ಣು ಎಲ್ಲಿಗೆ ಹೋಗುತ್ತೆ ಅಂತ ಅಂದುಕೊಂಡ್ರು ಸರ್?"

"ನಮ್ಮ ಕಡೆ ಮಣ್ಣು ಎಲ್ಲಿಗೂ ಹೋಗಲ್ಲ. ಹಾಕಿದಲ್ಲೇ ಬಿದ್ದಿರುತ್ತೆ. ಎಸ್ಟಿಮೇಟಿನ ನಮೂನೆ ಮಾಡಿದೋರು ಬಯಲಲ್ಲಿ ಕೂತು ಮಾಡಿದ್ದಾರೆ."

ಇಷ್ಟು ಹೇಳಿ ಅವರು ವಿಷಯ ಮುಗಿಸುತ್ತಾರೆ ಎಂದುಕೊಂಡಿದ್ದೆ. ಆದರೆ ಮಾರನೆಯ ದಿನ ಜೀಪು ತೆಗೆಸಿಕೊಂಡು ಬಂದರು. ಮಂಡಿ ನೋವಿದ್ದ ಮನುಷ್ಯ, ಅದೇ ಕಾಲುದಾರಿಯಲ್ಲಿ ಗಿಡ ಹಿಡಿದುಕೊಂಡು ಕೆಳಗಿಳಿದು ತೊಟ್ಟಿಯವರೆಗೆ ಹೋದರು. ಮೇಲೆ ಬಂದು ಕಾಲಿನ ಕೆಸರನ್ನು ಕಲ್ಲಿಗೆ ಒರೆಸಿಕೊಂಡರು. ಆಮೇಲೆ, "ಬಾಕಿ ಇರೋ ಭಾಗದ ನಕ್ಷೆ ತೆಗೀರಿ," ಎಂದರು.

ಬಾಕಿ ಉಳಿದದ್ದರಲ್ಲಿ ಕಷ್ಟದ ಜಾಗ, ಮಣ್ಣಿನ ರಾಶಿ ಬಿದ್ದಿದ್ದ ತಿರುವಿನ ಆಚೆಗಿತ್ತು. ಅಲ್ಲಿ ರಸ್ತೆಯ ಮೇಲ್ಗಡೆ ಗುಡ್ಡದ ಮಡಿಕೆಯೊಳಗೆ ದಟ್ಟವಾದ ಕಾಡು, ಅಲ್ಲಿಯವರ ಮಾತಿನಲ್ಲಿ ಕಾನು. ಹಳ್ಳ ಹುಟ್ಟುತ್ತಿದ್ದದ್ದು ಆ ಕಾನಿನ ಒಳಗೆ. ಮೊದಲಿನ ನಕ್ಷೆಯಂತೆ ಹೋದರೆ ಕಾನಿನ ಬುಡವನ್ನೇ ಕಡಿಯಬೇಕು, ಆ ಮಣ್ಣನ್ನೆಲ್ಲ ಮತ್ತೆ ಕಣಿವೆಗೇ ನೂಕಬೇಕು. ನಾವು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿಕೊಂಡು ಅದನ್ನೇ ತಿರುಗುಮುರುಗು ಮಾಡಿ ಯೋಚಿಸಿದೆವು. ಗುಡ್ಡವನ್ನು ಮುಟ್ಟದೆ, ಕಣಿವೆಯ ಬದಿಯಲ್ಲಿ ಕಲ್ಲಿನ ತಡೆಗೋಡೆ ಎಬ್ಬಿಸಿ ರಸ್ತೆಯನ್ನು ಹೊರಕ್ಕೆ ಅಗಲಿಸುವುದು. ಗೋಡೆಗೆ ಬೇಕಾದ ಕಲ್ಲು ಈಗಾಗಲೇ ಕಡಿದ ಧರೆಯಿಂದ ಬಂದದ್ದು ಅಲ್ಲೇ ಬಿದ್ದಿತ್ತು. ಗೋಡೆಯ ಹಿಂದೆ ತುಂಬಲು ಮಣ್ಣೂ ಬೇಕಿತ್ತು, ಅದೂ ಇತ್ತು. ಮಿಕ್ಕ ಮಣ್ಣನ್ನು ಟಿಪ್ಪರಿನಲ್ಲಿ ಹತ್ತಿರದ ಪಾಳು ಕಲ್ಲುಕ್ವಾರಿಗೆ ಸಾಗಿಸುವುದು. ಇನ್ನೊಂದು ಮಾತನ್ನು ಅಧಿಕಾರಿಗಳೇ ಸೇರಿಸಿದರು. ಚರಂಡಿಯ ನೀರು ತಿರುವು ಮುಟ್ಟುವ ಮೊದಲೇ, ಕಣಿವೆಯ ಕಡೆ ಬರೀ ಬಂಡೆ ಇರುವ ಜಾಗದಲ್ಲಿ, ರಸ್ತೆಯ ಅಡಿಯಿಂದ ನೀರು ದಾಟಲು ಒಂದು ಹೆಚ್ಚಿನ ಮೋರಿ ಹಾಕಬೇಕು. ಗುಡ್ಡದ ನೀರೆಲ್ಲ ಚರಂಡಿ ಹಿಡಿದು ಬಂದು ಆ ಮಣ್ಣಿನ ರಾಶಿಯ ಮೇಲೆ ಬೀಳುವುದು ಅದರಿಂದ ತಪ್ಪುತ್ತದೆ.

ಎಲ್ಲ ಸರಿ. ಆದರೆ ತಡೆಗೋಡೆಯ ಪಾಯ ಬೀಳುವುದು ಆ ಅಮ್ಮನ ತೋಟದಲ್ಲಿ. ಅದೂ ಅವರ ಒಳ್ಳೆಯ ಅರೇಬಿಕಾ ಕಾಫಿ ಇದ್ದ ನೆಲದ ಪಟ್ಟಿಯಲ್ಲಿ.

ನಾನು ಕೇಳಲು ಹೋದಾಗ ಅವರು ಕಣದ ಬದಿಯಲ್ಲಿ ನಿಂತು ಸಿಪ್ಪೆ ಸುಲಿದ ಕಾಫಿ ಬೀಜ, ಪಾರ್ಚ್‌ಮೆಂಟ್, ಒಣಗಿಸುವುದನ್ನು ನೋಡುತ್ತಿದ್ದರು. ನನ್ನ ಮಾತು ಮುಗಿಯುವ ಮೊದಲೇ ಅವರ ಮುಖ ಬಿಗಿಯಾಯಿತು. "ಮಣ್ಣು ಸುರಿದಿದ್ದು ನೀವು. ಜಾಗ ಕೊಡೋದು ನಾನಾ? ಇದೆಂಥ ನ್ಯಾಯ?"

"ನ್ಯಾಯ ಅಲ್ಲಮ್ಮ. ಆದ್ರೆ ಇಲ್ಲದಿದ್ರೆ ಕಾನು ಕಡೀಬೇಕಾಗ್ತದೆ."

"ಕಾನು ನನ್ನದಲ್ಲ, ಸರ್ಕಾರದ್ದು."

"ಹಳ್ಳ?"

ಅವರು ನನ್ನ ಕಡೆ ತಿರುಗಿ ನೋಡಿದರು. ಆ ನೋಟ ಹಿತವಾಗಿರಲಿಲ್ಲ. ಬಂದ ದಾರಿಯಲ್ಲೇ ವಾಪಸು ಹೋದೆ. ಎರಡು ವಾರ ಅವರು ರಸ್ತೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ದಿನ ರೈಟರ ಕೈಯಲ್ಲಿ ಹೇಳಿ ಕಳಿಸಿದರು, ಬಂದು ಹೋಗಿ ಎಂದು. ಹೋದಾಗ ಕಾಫಿ ಕೊಟ್ಟು, ನಾನು ಕುಡಿದು ಲೋಟ ಇಟ್ಟ ಮೇಲೆ ಹೇಳಿದರು: "ಪಟ್ಟಿ ತಗೊಳ್ಳಿ. ನನ್ನದೊಂದೇ ಮಾತು. ಈಗಾಗ್ಲೇ ಸುರಿದಿರೋ ಆ ರಾಶಿ ಇದ್ಯಲ್ಲ, ಅದರ ಬುಡಕ್ಕೆ ಮಳೆಗಾಲಕ್ಕೆ ಮುಂಚೆ ಗೋಡೆ ಆಗ್ಬೇಕು. ಆಗ್ತದೆ ಅಂತ ನೀವು ಹೇಳಿದ್ರೆ ಸಾಕು. ಕಾಗದ ಬೇಡ."

"ಆಗ್ತದೆ ಅಮ್ಮ," ಎಂದೆ.

ಈ ವಿಷಯ ಕೇಳಿ ಅಧಿಕಾರಿಗಳು ಹಣೆ ಉಜ್ಜಿಕೊಂಡರು. "ಮಾತು ಕೊಟ್ಟು ಬಂದ್ಯಾ? ಸರ್ಕಾರದ ಪರವಾಗಿ?" ಎಂದವರು, ಸ್ವಲ್ಪ ಹೊತ್ತಿನ ಮೇಲೆ ತಾವೇ ನಕ್ಕರು. "ಆಯ್ತು. ಕೊಟ್ಟಾಯ್ತಲ್ಲ. ಇಬ್ಬರೂ ಸೇರಿ ಉಳಿಸಿಕೊಳ್ಳೋಣ."

ಆ ಬೇಸಿಗೆಯಷ್ಟು ಮನಸ್ಸಿಟ್ಟು ನಾನು ಯಾವತ್ತೂ ಕೆಲಸ ಮಾಡಿಲ್ಲ. ಕಂಟ್ರಾಕ್ಟರ್ ಗೊಣಗಿದ. ಅವನೊಬ್ಬ ವಿಚಿತ್ರ ಮನುಷ್ಯ. ಎದೆಯುರಿ ಇದ್ದದ್ದರಿಂದ ತಾನು ಕಾಫಿ ಕುಡಿಯುವಂತಿರಲಿಲ್ಲ, ಆದರೂ ದಿನಾ ಫ್ಲಾಸ್ಕಿನಲ್ಲಿ ತಂದು ಎಲ್ಲರಿಗೂ ಕೊಡುತ್ತಿದ್ದ. ಟಿಪ್ಪರ್ ಓಡಿದಷ್ಟೂ ಸಲ, "ಮೇಡಂ, ನೂಕಿದ್ರೆ ಐದು ನಿಮಿಷದ ಕೆಲಸ. ನೀವು ಮಣ್ಣಿಗೆ ಮೆರವಣಿಗೆ ಮಾಡ್ತಿದ್ದೀರಿ," ಎನ್ನುತ್ತಿದ್ದ. ಅಂದರೂ ಸಾಗಿಸಿದ. ಕಲ್ಲು ಕಟ್ಟುವವರ ತಂಡ ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಂಡು ದಿನಕ್ಕಿಷ್ಟು ಎಂದು ರಸ್ತೆಯ ತಡೆಗೋಡೆಯನ್ನು ಎತ್ತರಿಸಿ ಮುಗಿಸಿತು. ನೀರು ಹೊರಬರಲು ಅಲ್ಲಲ್ಲಿ ಕಿಂಡಿ ಬಿಟ್ಟರು. ಕಾನಿನ ಒಂದು ಮರವೂ ಬೀಳಲಿಲ್ಲ. ಬೇಸಿಗೆಯ ಹೂಮಳೆ ಬಿದ್ದು ಕಾಫಿ ಹೂವಿನಿಂದ ತೋಟವೆಲ್ಲ ಬೆಳ್ಳಗೆ ಅರಳಿದಾಗ ಎಸ್ಟೇಟಿನ ಅಮ್ಮ ತಮ್ಮ ಆಳುಗಳನ್ನು ಕರೆತಂದು, ಮಣ್ಣಿನ ರಾಶಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಬೇರು ಬಿಟ್ಟು ಮಣ್ಣು ಹಿಡಿಯಲಿ ಎಂದು ಹಾಲುವಾಣದ ಗೂಟಗಳನ್ನು ನೆಡಿಸಿದರು. ರಾಶಿಯ ಬುಡದ ಗೋಡೆಗೂ ಪಾಯ ತೋಡಿ ಆಗಿತ್ತು. ಅರ್ಧ ಗೋಡೆ ಎದ್ದಿತ್ತು.

ಆಗ ನಮ್ಮ ಅಧಿಕಾರಿಗಳು ನಿವೃತ್ತರಾದರು. ಹಾರ, ಹಣ್ಣಿನ ಬುಟ್ಟಿ, ಆಫೀಸಿನವರ ಜೊತೆ ಒಂದು ಫೋಟೋ. ಹೊರಡುವಾಗ ನನಗೆ ಹೇಳಿದ್ದು ಒಂದೇ: "ಮೋರಿ ಮರೀಬೇಡ."

ಹೊಸದಾಗಿ ಬಂದವರಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಅವರಿಗೆ ಅವಸರವಿತ್ತು. ಉದ್ಘಾಟನೆಗೆ ಮಂತ್ರಿಗಳು ಬರುವುದು ಗೊತ್ತಾಗಿತ್ತು. "ಮಳೆ ಹಿಡಿಯೋದರೊಳಗೆ ಡಾಂಬರು ಬೀಳಬೇಕು. ಕೆಳಗಿನ ಗೋಡೆ, ಮೋರಿ ಎಲ್ಲ ಮಳೆ ಮುಗಿದ ಮೇಲೆ," ಎಂದರು. ಕಲ್ಲು ಕಟ್ಟುವವರನ್ನು ಬೇರೆ ಕೆಲಸಕ್ಕೆ ಕಳಿಸಿದರು. ನಾನು ಎರಡು ಸಲ ಬರೆದು ಕೊಟ್ಟೆ. ಚಿಕ್ಕಮಗಳೂರಿನ ದೊಡ್ಡ ಆಫೀಸಿಗೆ ಹೋಗಿ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ ಕೂತೆ. ಒಳಗೆ ಕರೆದವರು ಸಮಾಧಾನವಾಗಿಯೇ ಕೇಳಿಸಿಕೊಂಡರು. "ಒಂದು ಮಳೆಗಾಲ ತಾನೇ? ಇಷ್ಟು ವರ್ಷ ನಿಂತ ಗುಡ್ಡ ಇನ್ನೊಂದು ಮಳೆ ತಡೆಯಲ್ವೇನ್ರೀ?" ಗುಡ್ಡ ತಡೆಯುತ್ತದೆ ಸರ್, ನಾವು ಸುರಿದದ್ದು ಗುಡ್ಡವಲ್ಲ ಎಂದೆ. ಅವರು ಫೋನು ಎತ್ತಿಕೊಂಡರು.

ವಿಷಯವನ್ನು ಬೇರೆಯವರ ಬಾಯಲ್ಲಿ ಕೇಳುವುದು ಬೇಡ ಎಂದು ನಾನೇ ಎಸ್ಟೇಟಿಗೆ ಹೋಗಿ ಹೇಳಿದೆ. "ಹೇಳೋಕಾದ್ರೂ ಬಂದ್ರಲ್ಲ," ಎಂದು ಅಮ್ಮ ಎದ್ದು ಒಳಗೆ ಹೋದರು. ಕಾಫಿ ಬರಲಿಲ್ಲ. ಮಾರನೆಯ ವಾರ ನೋಡಿದರೆ ಅರ್ಧಕ್ಕೆ ನಿಂತ ಗೋಡೆಯ ಪಕ್ಕದಲ್ಲಿ ಅವರ ಆಳುಗಳು ಸಿಲ್ವರ್ ಓಕಿನ ದಿಮ್ಮಿಗಳನ್ನು ಅಡ್ಡ ಹಾಕಿ, ಗೂಟ ಬಡಿದು, ಹಿಂದೆ ಕಾಡುಗಲ್ಲು ಪೇರಿಸುತ್ತಿದ್ದರು.

ಡಾಂಬರು ಬಿತ್ತು. ನುಣ್ಣನೆಯ ಕಪ್ಪು ರಸ್ತೆ, ಬದಿಗೆ ಬಿಳಿ ಸುಣ್ಣ ಬಳಿದ ಕಲ್ಲುಗಳು. ಬಸ್ಸಿನ ಡ್ರೈವರುಗಳು ನನ್ನನ್ನು ಕಂಡರೆ ಕೈ ಎತ್ತುತ್ತಿದ್ದರು. ಉದ್ಘಾಟನೆಗೆ ಒಂದು ವಾರ ಇರುವಾಗ ಮಳೆ ಹಿಡಿಯಿತು. ಬಿಟ್ಟು ಬಿಟ್ಟು ಬರುವ ಮಳೆಯಲ್ಲ. ಬೆಳಗೂ ಒಂದೇ, ಸಂಜೆಯೂ ಒಂದೇ ಎನ್ನುವಂಥ ಮಳೆ. ಮೂರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹತ್ತಿ ಅಲ್ಲಿಗೆ ಹೋದೆ. ಕಂಟ್ರಾಕ್ಟರೂ ಬಂದಿದ್ದ. ಎಲ್ಲಾದರೂ ಧರೆ ಕುಸಿದರೆ ತೆಗೆಯಲು ಇರಲಿ ಎಂದು ಒಂದು ಜೆಸಿಬಿಯನ್ನು ತಿರುವಿನ ಹತ್ತಿರವೇ ನಿಲ್ಲಿಸಿದ್ದ.

ಚರಂಡಿ ತುಂಬಿ ಹರಿಯುತ್ತಿತ್ತು. ಕಾನಿನ ಕಡೆಯಿಂದ ಬರುವ ನೀರು ತಿಳಿಯಾಗಿಯೇ ಇತ್ತು, ಆದರೆ ಬಲವಾಗಿತ್ತು. ಇಳಿಜಾರು ಹಿಡಿದು ಓಡಿ, ತಿರುವಿನ ಹಳೇ ಮೋರಿಯಲ್ಲಿ ಧುಮುಕಿ, ನೇರವಾಗಿ ಮಣ್ಣಿನ ರಾಶಿಯ ಮೇಲೆ ಬೀಳುತ್ತಿತ್ತು. ಕೊಡೆ ಹಿಡಿದು ಬಗ್ಗಿ ನೋಡಿದೆ. ರಾಶಿಯ ನೆತ್ತಿಯಲ್ಲಿ ಒಂದು ಬಿರುಕು ಬಾಯಿ ತೆರೆದಿತ್ತು. ಹಾಲುವಾಣದ ಗೂಟಗಳು ಎಲ್ಲ ಒಂದೇ ಕಡೆ ವಾಲಿದ್ದವು.

ಕೆಳಗಿನಿಂದ ಎಸ್ಟೇಟಿನ ರೈಟರ್ ಕಂಬಳಿ ಕೊಪ್ಪೆ ಹಾಕಿಕೊಂಡು ಏದುಸಿರು ಬಿಡುತ್ತ ಹತ್ತಿ ಬಂದರು. "ಅಮ್ಮಾವ್ರು ಲೈನಿಂದ ಜನ ಹೊರಡಿಸ್ತಿದ್ದಾರೆ. ಇನ್ನೂ ಅರ್ಧ ಜನ ಒಳಗಿದ್ದಾರೆ. ಎದ್ದು ನಡೆಯೋಕಾಗದ ಮುದುಕಿ ಒಬ್ಬಳಿದ್ದಾಳೆ, ಹೊತ್ಕೊಂಡೇ ಬರ್ಬೇಕು. ನೀರು ಸ್ವಲ್ಪ ತಡೀಲಿಕ್ಕಾಗ್ತದಾ ಅಂತ ಕೇಳಿದ್ರು."

ತಡೆಯಲು ಆಗುತ್ತಿರಲಿಲ್ಲ. ತಿರುಗಿಸಬಹುದಿತ್ತು, ಮೋರಿ ಆಗಬೇಕಿದ್ದ ಆ ಬಂಡೆಯ ಜಾಗದಲ್ಲಿ ರಸ್ತೆಯನ್ನೇ ಅಡ್ಡ ಕಡಿದರೆ. ನೀರು ಬಂಡೆಯ ಕೊರಕಲು ಹಿಡಿದು ತೋಟದ ಆಚೆ ಬದಿಗೆ ಹೋಗುತ್ತದೆ. ಅಲ್ಲಿ ಮನೆಗಳಿಲ್ಲ.

ಜೆಸಿಬಿ ಡ್ರೈವರಿಗೆ ಹೇಳಿದೆ. ಅವನು ನನ್ನ ಮುಖವನ್ನೂ ಹೊಸ ಡಾಂಬರನ್ನೂ ನೋಡಿ, "ಧಣಿ ಹೇಳದೆ ನಾನು ಮುಟ್ಟಲ್ಲ ಮೇಡಂ," ಎಂದ. ಕಂಟ್ರಾಕ್ಟರ ಕಡೆ ತಿರುಗಿದೆ. ಅವನ ಮುಖ ಬಿಳಿಚಿಕೊಂಡಿತ್ತು. ಅದು ಅವನ ರಸ್ತೆ. ಮುಂದಿನ ವಾರ ಮಂತ್ರಿಗಳ ಕಾರು ಓಡಬೇಕಾದ ರಸ್ತೆ.

"ಬರೆದು ಕೊಡ್ತೀರಾ ಮೇಡಂ?"

"ಈ ಮಳೇಲಿ ಎಂಥದರ ಮೇಲೆ ಬರೀಲಿ? ಬೆಂಗಳೂರಿಂದ ಯಾರೇ ಕೇಳ್ಲಿ, ನಾನೇ ಕಡಿಸಿದೆ ಅಂತೀನಿ."

ಅವನು ಅಂಚಿಗೆ ಹೋಗಿ ಕೆಳಗೆ ನೋಡಿದ. ಕೆಳಗೆ ಲೈನಿನ ಅಂಗಳದಲ್ಲಿ ಜನ ಪಾತ್ರೆ, ಹಾಸಿಗೆ ಹೊತ್ತು ಓಡಾಡುವುದು ಮಳೆಯ ಮಸುಕಿನಲ್ಲಿ ಇರುವೆಗಳ ಹಾಗೆ ಕಾಣುತ್ತಿತ್ತು. ಅವನು ವಾಪಸು ಬಂದು ಡ್ರೈವರಿಗೆ ಹೇಳಿದ್ದು ಎರಡೇ ಪದ.

"ಕಡಿ ಮಾರಾಯ."

ಬಕೆಟ್ಟಿನ ಹಲ್ಲು ಡಾಂಬರಿಗೆ ಕಚ್ಚಿತು. ಕಾವಲಿಯಿಂದ ದೋಸೆ ಎಬ್ಬಿಸಿದ ಹಾಗೆ ಕಪ್ಪು ಪದರ ಎದ್ದು ಬಂತು. ಅದರ ಕೆಳಗೆ ಜಲ್ಲಿ, ಜಲ್ಲಿಯ ಕೆಳಗೆ ನಾನೇ ನಿಂತು ದಮ್ಮಸು ಹೊಡೆಸಿದ ಮಣ್ಣು. ಹಾಗೆ ಕಡಿದ ಕಾಲುವೆ ಚರಂಡಿಗೆ ಸೇರಿದ ಕ್ಷಣದಲ್ಲಿ ನೀರು ಒಂದು ಗಳಿಗೆ ಯೋಚಿಸಿದ ಹಾಗೆ ನಿಂತು, ಆಮೇಲೆ ಭೋರೆಂದು ಅಡ್ಡ ನುಗ್ಗಿತು. ತಿರುವಿನ ಮೋರಿಗೆ ಹೋಗುವ ನೀರು ಸಣ್ಣದಾಯಿತು. ಕಂಟ್ರಾಕ್ಟರ್ ಕೊಡೆಯನ್ನು ಎಲ್ಲೋ ಬಿಟ್ಟು ನೆನೆಯುತ್ತ ನಿಂತಿದ್ದ.

ರಾಶಿ ಆದರೂ ಉಳಿಯಲಿಲ್ಲ. ಒಮ್ಮೆಗೇ ಜಾರಿ ಬೀಳಬೇಕಿದ್ದದ್ದು ಮಧ್ಯಾಹ್ನದವರೆಗೂ ತಡೆದುಕೊಂಡು, ತುಂಡು ತುಂಡಾಗಿ ಇಳಿಯಿತು. ದಿಮ್ಮಿಗಳು ಮುರಿಯುವ ಸದ್ದು ರಸ್ತೆಯವರೆಗೆ ಕೇಳಿತು. ಪಲ್ಪರ್ ಮನೆ, ತೊಟ್ಟಿ, ಲೈನಿನ ಕೊನೆಯ ಎರಡು ಮನೆಗಳ ಹಿಂಗೋಡೆ ಹೋದವು. ಹಳ್ಳ ಇದ್ದ ಜಾಗದಲ್ಲಿ ಕೆಂಪು ಗಂಜಿಯಂಥದು ಮೆಲ್ಲಗೆ ಚಲಿಸುತ್ತಿತ್ತು. ಜನರೆಲ್ಲ ಅಷ್ಟರಲ್ಲಿ ಕಣದ ಪಕ್ಕದ ಗೋದಾಮಿಗೆ ಸೇರಿದ್ದರು. ಮುದುಕಿಯನ್ನು ಕುರ್ಚಿಯ ಸಮೇತ ಹೊತ್ತು ತಂದಿದ್ದರು. ಯಾರಿಗೂ ಏನೂ ಆಗಲಿಲ್ಲ.

ನಾನು ಇಳಿದು ಹೋದಾಗ ಎಸ್ಟೇಟಿನ ಅಮ್ಮ ಗೋದಾಮಿನ ಬಾಗಿಲಲ್ಲಿ ನಿಂತಿದ್ದರು.

"ರಸ್ತೆ ಕಡಿಸಿದ್ರಂತೆ."

"ಹೌದಮ್ಮ."

"ಹಳ್ಳ ಹೋಯ್ತು."

"ಹೌದಮ್ಮ."

ಅವರು ಒಳಕ್ಕೆ ತಿರುಗಿದರು. ಒಳಗೆ ಯಾರನ್ನೋ ಕೂಗಿ, "ಇವ್ರಿಗೊಂದು ಒಣ ಸೀರೆ ಕೊಡಿ," ಎಂದರು. ಆ ಸೀರೆಯನ್ನು ಉಟ್ಟುಕೊಂಡು ಗೋಣಿಚೀಲಗಳ ಮೇಲೆ ಕೂತು, ಮಕ್ಕಳು ಅಳುವುದನ್ನೂ ಹಂಚಿನ ಮೇಲೆ ಮಳೆ ಹೊಡೆಯುವುದನ್ನೂ ಕೇಳುತ್ತಿದ್ದೆ. ಬದುಕಿಕೊಂಡ ನೆಮ್ಮದಿ ಆ ಜನರ ಮುಖದಲ್ಲಿ ಹುಡುಕಿದೆ. ಅವರು ಒಲೆ ಎಲ್ಲಿ ಹೂಡುವುದು, ನಾಳೆ ನೀರು ಎಲ್ಲಿಂದ ತರುವುದು ಎಂದು ಮಾತಾಡಿಕೊಳ್ಳುತ್ತಿದ್ದರು.

ಉದ್ಘಾಟನೆ ಮುಂದಕ್ಕೆ ಹೋಯಿತು. ಹೊಸ ಅಧಿಕಾರಿಗಳು ನನ್ನ ಮೇಲೆ ಕೂಗಾಡಿದರು. ಯಾರ ಅನುಮತಿ ಪಡೆದು ಸರ್ಕಾರದ ಆಸ್ತಿಗೆ ಹಾನಿ ಮಾಡಿದಿರಿ ಎಂದು ನೋಟೀಸು ಬಂತು. ಉತ್ತರದಲ್ಲಿ ನಾನೇ ಕಡಿಸಿದೆ ಎಂದು ಬರೆದೆ. ವಿಚಾರಣೆಯಲ್ಲಿ ಕಂಟ್ರಾಕ್ಟರ್, "ನನಗೂ ಸರಿ ಅನಿಸಿತು, ಅದಕ್ಕೇ ಕಡಿಸಿದೆ," ಎಂದನಂತೆ. ಅವನು ಹಾಗೆ ಹೇಳುವ ಅಗತ್ಯವಿರಲಿಲ್ಲ. ಸಿಕ್ಕಾಗ ಕೇಳಿದೆ. "ರಸ್ತೆ ಇನ್ನೊಂದ್ಸಲ ಮಾಡ್ಬಹುದು ಮೇಡಂ," ಎಂದು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ನೋಟೀಸು ಎಲ್ಲಿಗೂ ಮುಟ್ಟಲಿಲ್ಲ, ಆದರೆ ನನಗೆ ಬಯಲುಸೀಮೆಗೆ ವರ್ಗವಾಯಿತು. ಕಡಿದ ಜಾಗದಲ್ಲಿ ಮಳೆ ನಿಂತ ಮೇಲೆ ಮೋರಿ ಹಾಕಿದರು ಎಂದು ಕೇಳಿದೆ. ಬೇರೆ ದಾರಿಯೂ ಇರಲಿಲ್ಲ. ರಾಶಿಯ ಬುಡದ ಗೋಡೆಯನ್ನು ಮಾತ್ರ ಯಾರೂ ಮುಗಿಸಲಿಲ್ಲ. ಇನ್ನು ಬೀಳಲು ಉಳಿದದ್ದೇನು?

ಬಯಲಲ್ಲಿ ಕೆರೆ ಏರಿ, ಶಾಲಾ ಕಟ್ಟಡ ಎಂದು ಕೆಲವು ವರ್ಷ ಕಳೆದೆ. ಎರಡು ಸಾವಿರದ ಇಸವಿಯ ನಂತರ ಮತ್ತೆ ಚಿಕ್ಕಮಗಳೂರಿಗೆ ಬಂದೆ. ಅತ್ತಿಗುಂಡಿಯ ಕಡೆ ರಸ್ತೆ ರಿಪೇರಿಯಲ್ಲಿ ಕಡಿದ ಮಣ್ಣು ಸಾಗಿಸುವ ಐಟಂ ಸೇರಿಸಿದರೆ, "ಇವರಿಗೆ ಮಣ್ಣಿನ ಹುಚ್ಚು," ಎಂದು ಆಫೀಸಿನಲ್ಲಿ ನಗುತ್ತಿದ್ದರು. ಕೆಲವು ಸಲ ಅದು ಉಳಿಯಿತು, ಕೆಲವು ಸಲ ಹಾರಿಹೋಯಿತು. ಆಮೇಲೆ ಒಂದು ದಿನ ಕಳಸದ ಕಡೆಯ ಆ ರಸ್ತೆಯ ಫೈಲೇ ನನ್ನ ಮೇಜಿಗೆ ಬಂತು. ಪ್ರವಾಸಿಗಳ ವಾಹನ ಹೆಚ್ಚಾಗಿದೆ, ಇನ್ನೂ ಅಗಲ ಮಾಡಬೇಕು, ಸ್ಥಳ ನೋಡಿ ಎಸ್ಟಿಮೇಟು ಮಾಡಿ ಎಂದು.

ಹೋದೆ. ನಾವು ಕಟ್ಟಿಸಿದ ತಡೆಗೋಡೆ ಗಟ್ಟಿಯಾಗಿ ನಿಂತಿತ್ತು, ಕಲ್ಲಿನ ಸಂದುಗಳಲ್ಲಿ ಜರಿಗಿಡ ಬೆಳೆದಿದ್ದವು. ತಲೆ ಎತ್ತಿ ಕಾನಿನ ಕಡೆ ನೋಡಿದೆ. ಕಾನಿನ ನೆತ್ತಿಯಲ್ಲಿ ಕೆಂಪಗೆ ಒಂದು ಗಾಯ. ಗುಡ್ಡದ ಮೇಲಿನ ಖಾಸಗಿ ಜಮೀನಿನಲ್ಲಿ ಯಾರೋ ರೆಸಾರ್ಟು ಮಾಡುತ್ತಿದ್ದಾರೆ, ಮೇಲಕ್ಕೆ ಕಾರು ಹೋಗಲು ದಾರಿ ಕಡಿಸಿದ್ದಾರೆ ಎಂದರು ಜೊತೆಗಿದ್ದವರು. ಕಡಿದ ಮಣ್ಣನ್ನು ಮರಗಳ ಮೇಲೆಯೇ ನೂಕಿದ್ದರು. ಇಷ್ಟು ಒಳ್ಳೆಯ ರಸ್ತೆ ಇಲ್ಲದಿದ್ದರೆ ಅಲ್ಲಿಗೆ ಯಾರು ಬರುತ್ತಿದ್ದರು ಎಂಬ ಯೋಚನೆ ಬಂತು. ಅದನ್ನು ಯಾರಿಗೂ ಹೇಳಲಿಲ್ಲ.

ಎಸ್ಟೇಟಿನ ಅಮ್ಮ ಈಗ ಕೋಲು ಹಿಡಿದು ನಡೆಯುತ್ತಿದ್ದರು. ಗುರುತು ಹಿಡಿದು, ಕೂರಿಸಿ, ಕಾಫಿ ತರಿಸಿದರು. ತೊಟ್ಟಿಯನ್ನು ಇನ್ನೂ ಮೇಲಕ್ಕೆ ಕಟ್ಟಿಸಿಕೊಂಡಿದ್ದರು. ಹಳ್ಳ ಮಣ್ಣು ಕೊರೆದುಕೊಂಡು ಬೇರೆ ದಾರಿ ಮಾಡಿಕೊಂಡಿತ್ತಂತೆ. "ಮುಂಚೆ ಏಪ್ರಿಲ್‌ನಲ್ಲೂ ಇರ್ತಿತ್ತು. ಈಗ ಶಿವರಾತ್ರಿ ಹೊತ್ತಿಗೆ ಸದ್ದು ನಿಲ್ಲಿಸ್ತದೆ. ಮೇಲೆ ಕಡಿದ ಮೇಲೆ ಇನ್ನೂ ಬೇಗ," ಎಂದರು. ಮೈದುನನ ಮೊಮ್ಮಗುವಿನ ಹೆರಿಗೆಗೆ ಮೂಡಿಗೆರೆಗೆ ಮೊದಲಿನ ಅರ್ಧ ಹೊತ್ತಿನಲ್ಲೇ ಮುಟ್ಟಿದ್ದನ್ನೂ ಅದೇ ಉಸಿರಿನಲ್ಲಿ ಹೇಳಿದರು. ಎರಡೂ ನಿಜವೇ ಆಗಿದ್ದವು.

"ಮತ್ತೆ ಅಗಲ ಮಾಡ್ತೀರಂತಲ್ಲ?"

"ಹೌದಮ್ಮ. ಎಸ್ಟಿಮೇಟು ನಾನೇ ಬರೀಬೇಕು."

"ಅಷ್ಟು ಅಗಲ ಬೇಕಾ?"

"ನನ್ನ ಕೇಳಿದ್ರೆ ಬೇಡ. ತಿರುವಲ್ಲಿ ವಾಹನ ನಿಲ್ಲೋಕೆ ಜಾಗ ಮಾಡಿದ್ರೆ ಸಾಕು. ಹಾಗೇ ಬರೀತೀನಿ. ಮೇಲಿನೋರು ಒಪ್ತಾರೋ ಇಲ್ವೋ ಗೊತ್ತಿಲ್ಲ."

ಅವರು ಕೋಲನ್ನು ಮಡಿಲ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದರು. ಈ ಸಲ ಅವರು ಮಾತು ಕೊಡಿ ಎಂದು ಕೇಳಲಿಲ್ಲ. ನಾನೂ ಕೊಡಲಿಲ್ಲ.

ಎಸ್ಟಿಮೇಟಿನಲ್ಲಿ ಅಗಲ ಕಡಿಮೆ ಮಾಡಿದೆ. ಮೋರಿಗಳನ್ನು ಹೆಚ್ಚಿಸಿದೆ, ಕಡಿದ ಮಣ್ಣಿಗೆ ಜಾಗ ತೋರಿಸಿದೆ, ಮಳೆಗಾಲದಲ್ಲಿ ಧರೆ ಕಡಿಯಬಾರದು ಎಂದು ಸೇರಿಸಿದೆ. ನಕ್ಷೆಯಲ್ಲಿ ರಸ್ತೆಯ ಅಂಚಿನಿಂದ ಕೆಳಕ್ಕೆ ಹಳ್ಳದವರೆಗೂ ಗೆರೆ ಎಳೆಸಿದೆ. ವಾಪಸು ಬಂದಾಗ ಮಣ್ಣಿನ ಜಾಗ ಉಳಿದಿತ್ತು, ಮೋರಿಗಳಲ್ಲಿ ಅರ್ಧ ಉಳಿದಿದ್ದವು. ಅಗಲವನ್ನು ಮತ್ತೆ ಮೊದಲಿನಂತೆ ಮಾಡಿದ್ದರು. ಕೆಲಸ ಶುರುವಾಗುವ ಮೊದಲೇ ನನಗೆ ಬೇರೆ ಕಡೆ ವರ್ಗವಾಯಿತು. ಆ ವರ್ಷ ಜೂನ್‌ನಲ್ಲಿ ಆಫೀಸಿನ ಫೋನಿಗೆ ಎಸ್ಟೇಟಿನ ಅಮ್ಮನ ಕರೆ ಬಂತು. ಏನಾದರೂ ಆಯಿತೇ ಎಂದು ಗಾಬರಿಯಿಂದ ಕೇಳಿದೆ. ಇನ್ನೂ ಏನೂ ಆಗಿರಲಿಲ್ಲ. "ಇಲ್ಲಿ ಮಳೆ ಹಿಡೀತು," ಎಂದರಷ್ಟೆ. ಅವರ ಹಿಂದೆ ಹಂಚಿನ ಮೇಲೆ ನೀರು ಬೀಳುವ ಸದ್ದು ಕೇಳುತ್ತಿತ್ತು.